ಬಿಸಿಲಿಗೂ ಆಗಲ್ಲ, ಗುಂಡಿಗೂ ಆಗಲ್ಲ: ಸೈನಿಕರಿಗೆ ಬೆರೆಟ್ ಯಾಕೆ?

ಓದುಗರ ಪ್ರಶ್ನೆ: ಮಗಳು ಎನ್‌ಸಿಸಿ ಸೇರಿದ್ದಾಳೆ. ಅವಳ ಬೆರೆಟ್ ಟೋಪಿಗೆ ಅಂಚೇ ಇಲ್ಲ. ಬಿಸಿಲು ತಡೆಯಲ್ಲ, ಮಳೆ ತಡೆಯಲ್ಲ, ಗುಂಡಂತೂ ಕೇಳಲೇಬೇಡಿ. ಇಂಥ ಟೋಪಿಯನ್ನು ಇಷ್ಟೊಂದು ದೇಶದ ಸೈನ್ಯಗಳು ಯಾಕೆ ಹಾಕಿಕೊಳ್ಳುತ್ತವೆ? ಅದೇ ಟೋಪಿ ಫ್ಯಾಷನ್ ಆಗಿದ್ದು ಹೇಗೆ?

ಉತ್ತರ: ಮಳೆ ವಿಷಯದಲ್ಲಿ ಮಾತ್ರ ಬೆರೆಟ್‌ಗೆ ಸ್ವಲ್ಪ ಅನ್ಯಾಯ ಮಾಡಿದಿರಿ. ಅದು ಬೆಳೆದಿದ್ದೇ ಮಳೆ, ಮಂಜು, ಚಳಿಯ ನಡುವೆ. ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಪಿರೆನೀಸ್ ಬೆಟ್ಟಗಳಲ್ಲಿ ಬೇಆರ್ನ್ ಅಂತ ಒಂದು ಸೀಮೆ ಇದೆ. ಅಲ್ಲಿ ಕುರಿ ಕಾಯುವವರ ಟೋಪಿ ಇದು. ನಮ್ಮ ಕುರಿಗಾಹಿಗಳಿಗೆ ಕಂಬಳಿ ಹೇಗೋ, ಅವರಿಗೆ ಇದು ಹಾಗೆ. ಪಕ್ಕದ ಬಾಸ್ಕ್ ಜನರೂ ಹಾಕಿಕೊಂಡರು. ಕೊನೆಗೆ ಹೆಸರು ಬಂದಿದ್ದು ಅವರಿಗೇ. ಲೋಕವೆಲ್ಲ ಇದನ್ನು ಬಾಸ್ಕ್ ಬೆರೆಟ್ ಅಂತಲೇ ಕರೆಯುತ್ತದೆ.

ಇದನ್ನು ಮಾಡುವ ರೀತಿ ಚೆನ್ನಾಗಿದೆ. ಮೊದಲು ಉಣ್ಣೆ ನೂಲಿನಲ್ಲಿ ತಲೆಗಿಂತ ತುಂಬಾ ದೊಡ್ಡದಾದ, ಜೋಲು ಜೋಲಾದ ಟೋಪಿ ಹೆಣೆಯುತ್ತಾರೆ. ಆಮೇಲೆ ಬಿಸಿ ನೀರು, ಸೋಪು ಹಾಕಿ ಚೆನ್ನಾಗಿ ಕುಟ್ಟುತ್ತಾರೆ. ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಟೋಪಿ ಕುಗ್ಗುತ್ತದೆ, ದಪ್ಪಗಾಗುತ್ತದೆ, ಹೆಣಿಗೆಯ ಗುರುತೇ ಉಳಿಯಲ್ಲ. ನೀರು ಸುಲಭಕ್ಕೆ ಒಳಗೆ ಇಳಿಯಲ್ಲ. ನಡುನೆತ್ತಿಯಲ್ಲಿ ಒಂದು ಪುಟ್ಟ ತೊಟ್ಟು ಕಾಣುತ್ತೆ ಅಲ್ವಾ, ಅದು ಹೆಣಿಗೆ ಮುಗಿದ ಜಾಗ ಮುಚ್ಚುವುದಕ್ಕೆ. ಫ್ರಾನ್ಸಿನ ಒಲೊರಾನ್-ಸೇಂಟ್-ಮಾರಿ ಊರಿನ ಲೋಲೇರ್ ಕಂಪನಿ 1840ರಿಂದ ಇದೇ ಕೆಲಸ ಮಾಡುತ್ತಿದೆ.

ಸ್ಪೇನಿನಲ್ಲಿ 1833ರಲ್ಲಿ ಸಿಂಹಾಸನದ ಜಗಳ ಯುದ್ಧವಾದಾಗ ರಾಜಕುಮಾರ ಕಾರ್ಲೋಸ್ ಪರ ನಿಂತ ಕಾರ್ಲಿಸ್ಟ್ ಪಕ್ಷದ ಸೈನಿಕರು ಕೆಂಪು ಬೆರೆಟ್ ಹಾಕಿದರು. ಬೆಟ್ಟದಲ್ಲಿ ಕಾದಾಡುವ ಫ್ರಾನ್ಸಿನ ಆಲ್ಪೈನ್ ಪಡೆ 1889ರಲ್ಲಿ ದೊಡ್ಡ ನೀಲಿ ಬೆರೆಟ್ ತೆಗೆದುಕೊಂಡಿತು. ಆದರೂ ಇಷ್ಟರವರೆಗೆ ಇದು ಬೆಟ್ಟದವರ ಟೋಪಿಯೇ. ಇದನ್ನು ಜಗತ್ತಿಗೆ ಹಂಚಿದ್ದು ಟ್ಯಾಂಕ್.

ಮೊದಲ ಮಹಾಯುದ್ಧದ ಟ್ಯಾಂಕ್ ಅಂದರೆ ಕಬ್ಬಿಣದ ಡಬ್ಬಿ. ಒಳಗೆ ಇಂಜಿನ್, ಹೊಗೆ, ಎಣ್ಣೆ. ತಲೆ ಎತ್ತಿದರೆ ಮೇಲೆ ತಗಲುತ್ತೆ. ಅಂಚಿರುವ ಗಟ್ಟಿ ಟೋಪಿ ಹಾಕಿಕೊಂಡು ಕಿಂಡಿಗೆ ಕಣ್ಣಿಡಲು ಹೋದರೆ ಮೊದಲು ಅಂಚೇ ಗೋಡೆಗೆ ಹೊಡೆಯುತ್ತೆ. ಬ್ರಿಟಿಷ್ ಟ್ಯಾಂಕ್ ಪಡೆಯ ಮುಖ್ಯಸ್ಥ ಹ್ಯೂ ಎಲ್ಸ್ ಕಣ್ಣಿಗೆ ಬಿದ್ದಿದ್ದು ಫ್ರೆಂಚರ ಆ ಆಲ್ಪೈನ್ ಬೆರೆಟ್. ಆದರೆ ಅದು ಜಾಸ್ತಿ ಜೋಲು, ಬಾಸ್ಕ್ ಬೆರೆಟ್ ಜಾಸ್ತಿ ಚಿಕ್ಕದು ಅನಿಸಿತು. ಎರಡರ ನಡುವಿನ ಒಂದು ಅಳತೆ ತಯಾರಾಯಿತು. 1924ರಲ್ಲಿ ರಾಜನ ಒಪ್ಪಿಗೆಯೊಂದಿಗೆ ಜಾರಿಗೆ ಬಂತು. ಬಣ್ಣ ಕಪ್ಪು, ಎಣ್ಣೆ ಕಲೆ ಕಾಣಬಾರದಲ್ಲ! ಮುಂದೆ ಕಿವಿಗೆ ಹೆಡ್‌ಫೋನ್ ಬಂದಾಗಲೂ ಈ ಟೋಪಿ ತಕರಾರು ಮಾಡಲಿಲ್ಲ. ನಮ್ಮ ಟ್ಯಾಂಕ್ ಪಡೆಗಳ ಕಪ್ಪು ಬೆರೆಟ್ ಈ ಬ್ರಿಟಿಷ್ ಪರಂಪರೆಯಿಂದಲೇ ಬಂದಿದ್ದು.

ಅಷ್ಟಾದರೆ ಅದು ಟ್ಯಾಂಕಿನವರ ಟೋಪಿಯಾಗಿ ಉಳಿಯಬೇಕಿತ್ತು. ಉಳಿಯಲಿಲ್ಲ. 1942ರಲ್ಲಿ ಉತ್ತರ ಆಫ್ರಿಕದಲ್ಲಿ ಬ್ರಿಟಿಷ್ ಜನರಲ್ ಮಾಂಟ್ಗೊಮರಿ ತನ್ನ ಅಗಲ ಅಂಚಿನ ಆಸ್ಟ್ರೇಲಿಯನ್ ಟೋಪಿ ಬಿಟ್ಟು ಕಪ್ಪು ಬೆರೆಟ್ ಹಾಕಿದ. ಟ್ಯಾಂಕ್ ಪಡೆಯ ಬ್ಯಾಡ್ಜ್ ಪಕ್ಕದಲ್ಲೇ ಜನರಲ್ ಬ್ಯಾಡ್ಜ್. ನಿಯಮದಲ್ಲಿ ಇಲ್ಲದ ಜೋಡಿ ಅದು, ಆದರೆ ಎಷ್ಟು ದೂರದಿಂದ ನೋಡಿದರೂ ಇವನೇ ಅಂತ ಗೊತ್ತಾಗುತ್ತಿತ್ತು. ಅದೇ ವರ್ಷ ಬ್ರಿಟನ್ನಿನ ಪ್ಯಾರಾಶೂಟ್ ಪಡೆಗೆ ಮರೂನ್, ಕಮಾಂಡೊಗಳಿಗೆ ಹಸಿರು ಬಂತು. ಟೋಪಿಯ ಉಪಯೋಗ ಹಿಂದೆ ಸರಿದು ಬಣ್ಣ ಮುಂದೆ ಬಂದಿದ್ದು ಇಲ್ಲೇ ಅಂತ ನನ್ನ ಲೆಕ್ಕ. ನಮ್ಮ ಪ್ಯಾರಾಶೂಟ್ ರೆಜಿಮೆಂಟಿನ ಮರೂನ್ ಬೆರೆಟ್ ಅದೇ ಸಾಲಿನದು. ಅವರ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಇದೆ. ಆ ಬಣ್ಣದ ಟೋಪಿ ಅಂಗಡಿಯಲ್ಲಿ ಸಿಗಬಹುದು, ಹಾಕಿಕೊಳ್ಳುವ ಹಕ್ಕು ಸಿಗಲ್ಲ. ಅಲ್ಲಿನ ಸಿಖ್ ಸೈನಿಕರ ಪೇಟಕ್ಕೂ ಅದೇ ಮರೂನ್.

ಬಣ್ಣಕ್ಕೆ ಇಷ್ಟು ಬೆಲೆ ಬಂದ ಮೇಲೆ ಜಗಳ ಬರದೆ ಇರುತ್ತಾ? ಅಮೆರಿಕದ ಸ್ಪೆಷಲ್ ಫೋರ್ಸಸ್‌ನವರು 1950ರ ದಶಕದಲ್ಲಿ ಹಸಿರು ಬೆರೆಟ್ ಹಾಕಿದರೆ ಸೈನ್ಯವೇ ಬೇಡ ಅಂದಿತ್ತು. 1961ರಲ್ಲಿ ಅಧ್ಯಕ್ಷ ಕೆನಡಿ ಒಪ್ಪಿಗೆ ಕೊಟ್ಟ ಮೇಲೆ ಅದೇ ಅವರ ಹೆಸರಾಯಿತು. 2001ರಲ್ಲಿ ಅಲ್ಲಿನ ಸೇನೆ ರೇಂಜರ್ ಎಂಬ ಆಯ್ದ ಪಡೆಯವರ ಕಪ್ಪು ಬೆರೆಟನ್ನು ಎಲ್ಲ ಸೈನಿಕರಿಗೂ ಕೊಟ್ಟಿತು. ರೇಂಜರ್‌ಗಳು ಕೆರಳಿದರು, ಕೊನೆಗೆ ತಿಳಿ ಕಂದು ಬಣ್ಣಕ್ಕೆ ಹೋದರು. ಉಳಿದ ಸೈನಿಕರ ಗೊಣಗಾಟ ನಿಮ್ಮದೇ: ಸೆಖೆ, ಕಣ್ಣಿಗೆ ನೆರಳಿಲ್ಲ. 2011ರಲ್ಲಿ ದಿನದ ಬಳಕೆಗೆ ಅಂಚಿರುವ ಕ್ಯಾಪ್ ವಾಪಸ್ ಬಂತು.

ಫ್ಯಾಷನ್ ಕಡೆ ದಾರಿ ಬೇರೆ. 1920–30ರ ದಶಕದಲ್ಲೇ ಸಿನಿಮಾ ತಾರೆಯರಾದ ಗ್ರೆಟಾ ಗಾರ್ಬೊ, ಮಾರ್ಲೀನ್ ಡೀಟ್ರಿಚ್ ಇದನ್ನು ಹಾಕುತ್ತಿದ್ದರು. ಗಡಿಬಿಡಿಯಿಲ್ಲದ, ಗಂಡು ಹೆಣ್ಣು ಇಬ್ಬರಿಗೂ ಒಪ್ಪುವ, ಅಗ್ಗದ ಟೋಪಿ. ಎರಡು ದಾರಿ ಸೇರುವ ಒಂದು ಜಾಗ ಇಂಗ್ಲೆಂಡಿನ ಕ್ಲೀಟರ್ ಊರು. ಅಲ್ಲಿ 1938ರಲ್ಲಿ ಶುರುವಾದ ಕ್ಯಾಂಗೋಲ್ ಕಾರ್ಖಾನೆ ಯುದ್ಧಕಾಲದಲ್ಲಿ ಸೈನ್ಯಕ್ಕೆ ಬೆರೆಟ್ ಮಾಡಿಕೊಟ್ಟಿತು, ಆಮೇಲೆ ಅದೇ ಹೆಸರು ಫ್ಯಾಷನ್ ಅಂಗಡಿಗೆ ಹೋಯಿತು. ಇನ್ನು ಕ್ಯೂಬಾ ಕ್ರಾಂತಿಯ ಚೆ ಗೆವಾರ. ಹವಾನಾದಲ್ಲಿ 1960ರ ಮಾರ್ಚ್ 5ರಂದು ಆಲ್ಬರ್ಟೊ ಕೋರ್ಡಾ ತೆಗೆದ ಆ ಫೋಟೊದ ಬೆರೆಟ್ ಇವತ್ತು ನಮ್ಮೂರ ಟೀ ಶರ್ಟ್‌ಗಳಲ್ಲೂ ಇದೆ. 1966ರಲ್ಲಿ ಅಮೆರಿಕದ ಓಕ್ಲೆಂಡ್‌ನಲ್ಲಿ ಹುಟ್ಟಿದ, ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಕಪ್ಪು ಬೆರೆಟ್ ಹಾಕಿದ್ದೂ ಸುಮ್ನೆ ಅಲ್ಲ. ಸೈನ್ಯದ ಶಿಸ್ತು, ಬಂಡಾಯದ ಗತ್ತು ಎರಡೂ ಒಂದೇ ಟೋಪಿಯಲ್ಲಿ ಸಿಕ್ಕಿತು.

ಮಗಳಿಗೆ ಒಂದು ಮಾತು ಹೇಳಿ. ಹೊಸ ಬೆರೆಟ್ ಬಾಣಲೆ ಹಾಗೆ ನಿಂತಿದ್ದರೆ ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡಿ, ತಲೆಗೆ ಹಾಕಿ ಬ್ಯಾಡ್ಜನ್ನು ಎಡಗಣ್ಣಿನ ಮೇಲೆ ತಂದು, ಉಳಿದ ಬಟ್ಟೆಯನ್ನು ಬಲಕ್ಕೆ ಎಳೆದು ಕೈಯಲ್ಲಿ ಒತ್ತಿ ಒಣಗಲು ಬಿಡಲಿ. ಕುದಿಯುವ ನೀರು ಮಾತ್ರ ಬೇಡ. ಉಣ್ಣೆ ಇನ್ನೂ ಕುಗ್ಗುತ್ತೆ, ಆಮೇಲೆ ಅದು ತಂಗಿಯ ತಲೆಗೇ ಸರಿ.