ಕಲ್ಲು ಬಿದ್ದದ್ದು ಒಂದು ಹಕ್ಕಿಗೆ, ಮಾಯವಾದದ್ದು ಇಡೀ ಹಿಂಡು

ಗಂಗಾವತಿ ಕಡೆಯ ಒಂದು ನೆಲ್ಲಿನ ಗದ್ದೆ. ತೆನೆಗೆ ಎರಗುವ ಹಕ್ಕಿಗಳನ್ನು ಕವಣೆ ಬೀಸಿ ಓಡಿಸಬೇಕು. ಕಂಪ್ಯೂಟರ್ ಆಟ ತಯಾರಿಸುವ ತಂತ್ರಾಂಶವಾದ ಗೇಮ್‌ಮೇಕರ್‌ನಲ್ಲಿ ಮೊದಲ ಆಟ ಕಟ್ಟುವವರಿಗೆ ಇಷ್ಟು ಸಾಕು. ಹತ್ತು ಹಕ್ಕಿ ಇಟ್ಟು, ಆಟ ಓಡಿಸಿ, ಮೊದಲ ಕಲ್ಲು ಬೀಸುತ್ತೀರಿ. ಒಂದಕ್ಕೆ ತಾಗುತ್ತದೆ, ಹತ್ತೂ ಮಾಯ!

ಕಲ್ಲು ತಾಗಿದಾಗ ‘ಹಕ್ಕಿ.ಜೀವ = 0’ ಎಂದು ಬರೆದಿರುವುದೇ ಕಾರಣ. (ಓದಲು ಸುಲಭವಾಗಲೆಂದು ಇಲ್ಲಿ ಹೆಸರುಗಳು ಕನ್ನಡದಲ್ಲಿವೆ, ಪ್ರೋಗ್ರಾಮಿನಲ್ಲಿ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.) ‘ಹಕ್ಕಿ’ ಎನ್ನುವುದು ಯಾವ ಒಂದು ಹಕ್ಕಿಯ ಹೆಸರೂ ಅಲ್ಲ, ಆಬ್ಜೆಕ್ಟಿನ ಹೆಸರು. ಆ ಹೆಸರಿಗೆ ಒಂದು ಅಂಕಿ ಕೊಟ್ಟರೆ ಅದು ಗದ್ದೆಯಲ್ಲಿರುವ ಅಷ್ಟೂ ಹಕ್ಕಿಗಳಿಗೆ ಹೋಗುತ್ತದೆ.

ಬಳ್ಳಾರಿಯ ಜೀನ್ಸ್ ಹೊಲಿಯುವ ಮನೆಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಟಿಂಗ್ ಮಾಸ್ಟರ್ ಹತ್ತಿರ ಇರುವುದು ಪ್ಯಾಟರ್ನ್. ಅದನ್ನು ಯಾರೂ ತೊಡುವುದಿಲ್ಲ. ಅದರಂತೆ ಕತ್ತರಿಸಿ ಹೊಲಿದ ಒಂದೊಂದು ಪ್ಯಾಂಟಿಗೂ ಮುಂದೆ ಅದರದೇ ಬದುಕು: ಒಂದರ ಬಣ್ಣ ವಾಷಿಂಗ್‌ನಲ್ಲಿ ಹೆಚ್ಚು ಬಿಡುತ್ತದೆ, ಇನ್ನೊಂದರ ಜಿಪ್ ಕೆಡುತ್ತದೆ. ಆಬ್ಜೆಕ್ಟ್ ಆ ಪ್ಯಾಟರ್ನ್, ಇನ್‌ಸ್ಟನ್ಸ್ ಈ ಪ್ಯಾಂಟು. ಇವತ್ತು ಪ್ಯಾಟರ್ನ್ ತಿದ್ದಿದರೆ ನಿನ್ನೆ ಹೊಲಿದ ಪ್ಯಾಂಟಿನ ಸೊಂಟ ಬದಲಾಗುವುದಿಲ್ಲ. ಗೇಮ್‌ಮೇಕರ್‌ನಲ್ಲೂ ಹಾಗೆಯೇ. ಆಟ ಓಡುತ್ತಿರುವಾಗ ‘ಆಬ್ಜೆಕ್ಟ್ ಸೆಟ್ ಸ್ಪ್ರೈಟ್’ ಕರೆದು ಹಕ್ಕಿ ಆಬ್ಜೆಕ್ಟಿನ ಚಿತ್ರ ಬದಲಿಸಿದರೆ, ಹಾರುತ್ತಿರುವ ಹಕ್ಕಿಗಳು ಹಳೆಯ ರೂಪದಲ್ಲೇ ಇರುತ್ತವೆ. ಆಮೇಲೆ ಹುಟ್ಟುವವು ಮಾತ್ರ ಹೊಸ ರೂಪದಲ್ಲಿ ಬರುತ್ತವೆ. ಮೇಲಿನ ‘ಹಕ್ಕಿ.ಜೀವ = 0’ ಮಾತ್ರ ಪ್ಯಾಟರ್ನ್ ತಿದ್ದಿದ್ದಲ್ಲ, ಹೊಲಿದಿಟ್ಟ ಎಲ್ಲ ಪ್ಯಾಂಟುಗಳಿಗೂ ಒಟ್ಟಿಗೆ ಹೇಳಿದ್ದು.

ಈಗ ಕಲ್ಲನ್ನು ಸರಿಪಡಿಸೋಣ. ಕಲ್ಲಿನ ಆಬ್ಜೆಕ್ಟಿನಲ್ಲಿ ಹಕ್ಕಿಯೊಂದಿಗಿನ ಕೊಲಿಷನ್ ಈವೆಂಟ್ (ಎರಡೂ ತಾಗಿದಾಗ ನಡೆಯುವ ಸಾಲುಗಳ ಜಾಗ) ತೆರೆಯಿರಿ. ಅದರೊಳಗೆ ‘ಅದರ್’ (ಇಂಗ್ಲಿಷಿನ other) ಎಂದರೆ ಈ ಕ್ಷಣ ಈ ಕಲ್ಲು ತಾಗಿದ ಆ ಒಂದೇ ಹಕ್ಕಿ. ‘ಅದರ್.ಜೀವ -= 1’ ಎಂದು ಬರೆಯಿರಿ; ಜೀವ 0ಕ್ಕೆ ಇಳಿದರೆ ‘ಅದರ್’ ಅನ್ನು ನಾಶಮಾಡಿ. ಅದೇ ಈವೆಂಟಿನ ಕೊನೆಗೆ ಕಲ್ಲನ್ನೂ ನಾಶಮಾಡಲು ಮರೆಯಬೇಡಿ, ಬಹಳ ಜನ ಎಡವುವುದು ಇಲ್ಲೇ. ಆಟ ಸೆಕೆಂಡಿಗೆ 60 ಹೆಜ್ಜೆ ಓಡುತ್ತದೆ, ಕಲ್ಲು ಹಕ್ಕಿಗೆ ತಾಗಿಕೊಂಡಿರುವ ಪ್ರತಿ ಹೆಜ್ಜೆಗೂ ಕೊಲಿಷನ್ ಮತ್ತೆ ನಡೆಯುತ್ತದೆ. 3 ಜೀವದ ಹಕ್ಕಿ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ ಮುಗಿದುಹೋಗುತ್ತದೆ, ನೋಡುವವರಿಗೆ ಒಂದೇ ಏಟಿಗೆ ಸತ್ತಂತೆ ಕಾಣುತ್ತದೆ.

ಎಲ್ಲ ಹಕ್ಕಿಗಳಿಗೂ ಒಟ್ಟಿಗೆ ಹೇಳಬೇಕಾದ ಸಂದರ್ಭವೂ ಉಂಟು. ಡಬ್ಬಿ ಬಡಿದರೆ ಇಡೀ ಹಿಂಡು ಏಳಬೇಕಲ್ಲ? ಅಲ್ಲಿ ‘ವಿತ್ (ಹಕ್ಕಿ)’ ಬಳಸಿ. ಅದರ ಆವರಣದೊಳಗಿನ ಸಾಲುಗಳು ಒಂದೊಂದು ಹಕ್ಕಿಗೂ ಬೇರೆಬೇರೆಯಾಗಿ ನಡೆಯುತ್ತವೆ.

ಹಕ್ಕಿಗಳೆಲ್ಲ ಒಂದೇ ವೇಗದಲ್ಲಿ ಹಾರಿದರೆ ಆಟ ಸಪ್ಪೆ. ಕ್ರಿಯೇಟ್ ಈವೆಂಟ್ ಹುಟ್ಟುವ ಪ್ರತಿ ಹಕ್ಕಿಗೂ ಒಮ್ಮೆ ನಡೆಯುವುದರಿಂದ, ವೇಗವನ್ನು ಅಲ್ಲಿ 2ರಿಂದ 4ರ ನಡುವೆ ಯಾದೃಚ್ಛಿಕವಾಗಿ ಕೊಡಿ. ವೇಗ 3 ಎಂದರೆ ಹೆಜ್ಜೆಗೆ 3, ಸೆಕೆಂಡಿಗೆ 180 ಪಿಕ್ಸೆಲ್. 1366 ಪಿಕ್ಸೆಲ್ ಅಗಲದ ಗದ್ದೆ ದಾಟಲು ಸುಮಾರು ಏಳೂವರೆ ಸೆಕೆಂಡು. ಆಟದ ಆರಂಭದಲ್ಲಿ ‘ರ‍್ಯಾಂಡಮೈಸ್’ ಕರೆಯದಿದ್ದರೆ ಪ್ರತಿ ಸಲವೂ ಅದೇ ವೇಗಗಳು ಅದೇ ಕ್ರಮದಲ್ಲಿ ಮರಳಿ ಬರುತ್ತವೆ.

ಒಂದು ಹಕ್ಕಿಗೆ ಮಾತ್ರ 10 ಜೀವ ಬೇಕೇ? ಆಬ್ಜೆಕ್ಟಿನ ಆರಂಭದ ಅಂಕಿಗಳನ್ನು ಇಡುವ ‘ವೇರಿಯಬಲ್ ಡೆಫಿನಿಷನ್ಸ್’ನಲ್ಲಿ ಜೀವ 3 ಎಂದಿಟ್ಟು, ಹಕ್ಕಿಗಳನ್ನು ಗದ್ದೆಯಲ್ಲಿ ಇಡುವ ರೂಮ್ ಎಡಿಟರಿನಲ್ಲಿ ಆ ಹಕ್ಕಿಯನ್ನು ತೆರೆದು 10 ಮಾಡಿ. ಆದರೂ ಅದು ಮೂರೇ ಏಟಿಗೆ ಸತ್ತರೆ ಕ್ರಿಯೇಟ್ ಈವೆಂಟ್ ನೋಡಿ. ಅಲ್ಲಿ ‘ಜೀವ = 3’ ಎಂಬ ಹಳೆಯ ಸಾಲು ಉಳಿದಿರುತ್ತದೆ. ಮೊದಲು ಡೆಫಿನಿಷನ್, ನಂತರ ಕ್ರಿಯೇಟ್, ಕೊನೆಗೆ ಆ ಇನ್‌ಸ್ಟನ್ಸಿನ ಕ್ರಿಯೇಷನ್ ಕೋಡ್ (ಅದೊಂದಕ್ಕೇ ಬರೆದ ಸಾಲುಗಳು) ನಡೆಯುವುದರಿಂದ ನಿಮ್ಮ 10ರ ಮೇಲೆ 3 ಕೂತಿದೆ. ಆ ಸಾಲು ಅಳಿಸಿ.

ಇಷ್ಟಾದರೂ ಅನುಮಾನ ಉಳಿದರೆ ಹಕ್ಕಿಯನ್ನು ಪರದೆಯ ಮೇಲೆ ಬಿಡಿಸುವ ಡ್ರಾ ಈವೆಂಟಿನಲ್ಲಿ ಪ್ರತಿಯೊಂದರ ತಲೆಯ ಮೇಲೆ 20 ಪಿಕ್ಸೆಲ್ ಎತ್ತರಕ್ಕೆ ಅದರ ಜೀವದ ಅಂಕಿ ಬರೆಸಿ. ಮೊದಲ ಸಾಲಾಗಿ ‘ಡ್ರಾ ಸೆಲ್ಫ್’ ಇರಲಿ, ಇಲ್ಲದಿದ್ದರೆ ಅಂಕಿ ಮಾತ್ರ ಹಾರಾಡುತ್ತದೆ, ಹಕ್ಕಿ ಕಾಣುವುದಿಲ್ಲ. ಕಲ್ಲು ಬೀಸಿ: ಒಂದರ ಅಂಕಿ ಇಳಿದು ಉಳಿದ ಒಂಬತ್ತರದು ಹಾಗೇ ನಿಂತಿದ್ದರೆ ಏಟು ಬಿದ್ದದ್ದು ಇನ್‌ಸ್ಟನ್ಸಿಗೆ.