ಕವೆಗೋಲು, ಕೆಂಪು ಹೊದಿಕೆ, ಹನ್ನೆರಡು ಕೈದಿಗಳು: ಫಿಶ್‌ಗಾರ್ಡ್ ಕಥೆಯಲ್ಲಿ ನಡೆದದ್ದೆಷ್ಟು, ಬೆಳೆದದ್ದೆಷ್ಟು?

ವೇಲ್ಸ್‌ನ ಪಶ್ಚಿಮ ಕರಾವಳಿಯ ಫಿಶ್‌ಗಾರ್ಡ್ ಊರಿಗೆ ಹೋದವರಿಗೆ ಮೊದಲು ಕೇಳಿಸುವುದು ಜೆಮೈಮಾ ನಿಕೊಲಸ್ ಹೆಸರು. 1797ರ ಫೆಬ್ರವರಿಯಲ್ಲಿ ಫ್ರೆಂಚ್ ಸೈನ್ಯ ಅಲ್ಲಿ ಬಂದಿಳಿಯಿತು. ಬೂಟು ಹೊಲಿಯುವ ಕಸುಬಿನ ಈ ಗಟ್ಟಿಗಿತ್ತಿ ಹುಲ್ಲೆತ್ತುವ ಕವೆಗೋಲು ಹಿಡಿದು ಹೊರಟು, ಹನ್ನೆರಡು ಮಂದಿ ಸೈನಿಕರನ್ನು ಒಬ್ಬಳೇ ಹಿಡಿದು ತಂದು ಚರ್ಚಿನಲ್ಲಿ ಕೂಡಿಹಾಕಿದಳು. ಕೆಂಪು ಹೊದಿಕೆ, ಎತ್ತರದ ಕರಿ ಟೋಪಿ ತೊಟ್ಟ ಊರಿನ ಹೆಂಗಸರು ಗುಡ್ಡದ ಸುತ್ತ ಸಾಲಾಗಿ ನಡೆದರು. ದೂರದಿಂದ ನೋಡಿದ ಫ್ರೆಂಚರು ಅವರನ್ನು ಕೆಂಪಂಗಿಯ ಬ್ರಿಟಿಷ್ ಸೈನಿಕರೆಂದು ತಿಳಿದು ಶರಣಾದರು. ಊರವರು ಹೇಳುವ ಕಥೆ ಇದು.

ಇದು ಪೂರ್ತಿ ಕಟ್ಟುಕಥೆಯಲ್ಲ, ಪೂರ್ತಿ ಇತಿಹಾಸವೂ ಅಲ್ಲ. ಬಿಡಿಸಿ ನೋಡುವ ದಾರಿ ಒಂದೇ: ಪ್ರತಿಯೊಂದು ಮಾತು ಮೊದಲು ಬರಹಕ್ಕೆ ಇಳಿದದ್ದು ಯಾವಾಗ, ಬರೆದವರು ಯಾರು ಎಂದು ಕೇಳಿ, ಸಿಕ್ಕ ಉತ್ತರಗಳನ್ನು ಇಸವಿಯ ಕ್ರಮದಲ್ಲಿ ಜೋಡಿಸುವುದು.

ಮೊದಲು, ಗಟ್ಟಿ ನೆಲ. ಫೆಬ್ರವರಿ 22ರ ಬುಧವಾರ ನಾಲ್ಕು ಫ್ರೆಂಚ್ ಹಡಗುಗಳು ಫಿಶ್‌ಗಾರ್ಡ್‌ನ ಪಶ್ಚಿಮಕ್ಕಿರುವ ಕಾರೆಗ್‌ವಸ್ತಾದ್ ಎಂಬ ಬಂಡೆಗಲ್ಲಿನ ಚಾಚಿಗೆ ಬಂದವು. ಸುಮಾರು 1,400 ಮಂದಿ ಇಳಿದರು. ಅವರಲ್ಲಿ 600ರಷ್ಟು ಮಾತ್ರ ಪಳಗಿದ ಸೈನಿಕರು, ಉಳಿದ 800ರಷ್ಟು ಮಂದಿ ಜೈಲಿನಿಂದ ಬಂದವರು, ಸೈನ್ಯ ಬಿಟ್ಟು ಓಡಿ ಸಿಕ್ಕಿಬಿದ್ದವರು. ಬ್ರಿಟಿಷರಿಂದ ವಶಪಡಿಸಿಕೊಂಡ ಸಮವಸ್ತ್ರಗಳಿಗೆ ಕಡುಬಣ್ಣ ಕಟ್ಟಿ ಇವರಿಗೆ ತೊಡಿಸಿದ್ದರಿಂದ ‘ಕಪ್ಪು ದಳ’ ಎಂಬ ಹೆಸರು ಬಂತು. ನಾಯಕ ಅಮೆರಿಕದಿಂದ ಬಂದ ಕರ್ನಲ್ ವಿಲಿಯಂ ಟೇಟ್. ಮೊದಲ ಗುರಿಯಾಗಿದ್ದ ಬ್ರಿಸ್ಟಲ್‌ಗೆ ಗಾಳಿ ಬಿಡಲಿಲ್ಲವಾದ್ದರಿಂದ ಕಾರ್ಡಿಗನ್ ಕೊಲ್ಲಿಯ ಕಡೆ ತಿರುಗಿದರು. ರಾತ್ರಿ ಎರಡು ಗಂಟೆಯ ಹೊತ್ತಿಗೆ ಹದಿನೇಳು ದೋಣಿ ತುಂಬ ಜನ, 47 ಪೀಪಾಯಿ ಮದ್ದು, 2,000 ಮಂದಿಗಾಗುವಷ್ಟು ಕೋವಿ ದಡ ಸೇರಿದವು. ಫಿರಂಗಿಗಳನ್ನು ಹೊತ್ತ ದೋಣಿ ಮಾತ್ರ ಅಲೆಗೆ ಸಿಕ್ಕಿ ಮುಳುಗಿತು. ಮರುದಿನ ಹಡಗುಗಳು ಲಂಗರು ಕಿತ್ತು ಹೊರಟುಹೋದವು.

ಶರಣಾಗತಿಯ ಅರ್ಧ ಕಾರಣ ಇಲ್ಲೇ ಇದೆ. ಫಿರಂಗಿ ಇಲ್ಲ, ಹಿಂದಿರುಗಲು ಹಡಗಿಲ್ಲ, ತಿನ್ನಲು ಅನ್ನವಿಲ್ಲ. ಹಸಿದ ಸೈನಿಕರು ಸುತ್ತಲಿನ ಹೊಲಮನೆಗಳಿಗೆ ನುಗ್ಗಿದರು. ಕೆಲವೇ ವಾರಗಳ ಹಿಂದೆ ಆ ಕರಾವಳಿಯಲ್ಲಿ ಒಡೆದಿದ್ದ ಪೋರ್ಚುಗೀಸ್ ಹಡಗಿನ ವೈನ್ ಆ ಮನೆಗಳಲ್ಲಿ ತುಂಬಿತ್ತು. ಗುರುವಾರ ಸಂಜೆಯ ಹೊತ್ತಿಗೆ ಟೇಟ್‌ನ ಮಾತು ಕೇಳುವ ಸ್ಥಿತಿಯಲ್ಲಿದ್ದ ತುಕಡಿಗಳು ಕಡಿಮೆ. ಎದುರಿಗಿದ್ದ ಕಾಡರ್ ಪ್ರಭುವಿನ ಬಳಿ ಸ್ವಯಂಸೇವಕರು, ಮಿಲಿಷಿಯಾ, ನಾವಿಕರು ಎಲ್ಲ ಸೇರಿ 600ರ ಆಸುಪಾಸು ಜನ. ಅಂದರೆ ಫ್ರೆಂಚರ ಅರ್ಧಕ್ಕಿಂತ ಕಡಿಮೆ. ಆದರೂ ಗಂಟೆ ಗಂಟೆಗೂ ನಮ್ಮ ಬಲ ಹೆಚ್ಚುತ್ತಿದೆ ಎಂದು ಹೇಳಿಕಳಿಸಿ, ಬೇಷರತ್ ಶರಣಾಗತಿಗೆ ಪಟ್ಟುಹಿಡಿದ. ಆ ಬಾಯಿಬಲ ಫಲಿಸಿತು. 24ರ ಶುಕ್ರವಾರ ಮಧ್ಯಾಹ್ನ ಗುಡ್‌ವಿಕ್ ಮರಳ ದಂಡೆಯ ಮೇಲೆ ಫ್ರೆಂಚರು ಆಯುಧ ಕೆಳಗಿಟ್ಟರು.

ಹಾಗಾದರೆ ಕೆಂಪು ಹೊದಿಕೆ? ಇದನ್ನು ಸುಳ್ಳೆಂದು ತಳ್ಳಿಹಾಕುವವರೂ ಅವಸರ ಮಾಡುತ್ತಾರೆ. ಶರಣಾಗತಿಯಾಗಿ ಕೆಲವೇ ದಿನಗಳಲ್ಲಿ ಹ್ಯಾವರ್‌ಫರ್ಡ್‌ವೆಸ್ಟ್‌ನಿಂದ ಬರೆದ ಒಂದು ಕಾಗದದಲ್ಲೇ, ಭುಜದ ಮೇಲೆ ಕೆಂಪು ಫ್ಲಾನೆಲ್ ಹೊದ್ದ ನಾನೂರರಷ್ಟು ಬಡ ಹೆಂಗಸರನ್ನು ಫ್ರೆಂಚರು ದೂರದಿಂದ ಸೈನಿಕರೆಂದು ತಿಳಿದರು ಎಂಬ ಮಾತಿದೆ. ಆ ಸೀಮೆಯ ಹೆಂಗಸರು ಕೆಂಪು ಉಣ್ಣೆಯ ಹೊದಿಕೆ ಹೊದೆಯುತ್ತಿದ್ದುದೂ ನಿಜ. ಆದ್ದರಿಂದ ಇದು ವಿಕ್ಟೋರಿಯಾ ಕಾಲದವರು ಹೊಸೆದ ಕಥೆಯಲ್ಲ, ಆ ವಾರವೇ ಜನರ ಬಾಯಲ್ಲಿದ್ದ ಸುದ್ದಿ.

ಕಥೆ ಎಡವುವುದು ಎರಡು ಕಡೆ. ಒಂದು, ಟೋಪಿ. ಇವತ್ತು ವೇಲ್ಸ್‌ನ ಗುರುತಾಗಿರುವ ಆ ಕೊಳವೆಯಂಥ ಎತ್ತರದ ಟೋಪಿ ಬಳಕೆಗೆ ಬಂದದ್ದು 1830ರ ಆಸುಪಾಸಿನಲ್ಲಿ. 1797ರ ಹಳ್ಳಿ ಹೆಂಗಸರು ಹಾಕುತ್ತಿದ್ದುದು ಗಂಡಸರು ಹಾಕುವಂಥದೇ ತಗ್ಗಿನ ಫೆಲ್ಟ್ ಟೋಪಿ. ಎತ್ತರದ ಟೋಪಿ ಕಾಣಿಸುವ ಚಿತ್ರ ಯಾವುದೇ ಇರಲಿ, ಅದನ್ನು ಬರೆದವರು ಕಣ್ಣಾರೆ ಕಂಡವರಲ್ಲ.

ಎರಡನೆಯದು ಹೊತ್ತು. ಟೇಟ್ ಸಂಧಿ ಕೇಳಿ ಬರೆದ ಪತ್ರಕ್ಕೆ ಫ್ರೆಂಚ್ ಗಣರಾಜ್ಯದ ಪಂಚಾಂಗದಂತೆ ‘ಐದನೆಯ ವರ್ಷ, ವೆಂತೋಸ್ 5’ ಎಂದು ತಾರೀಖು ಹಾಕಿದೆ. ಅದನ್ನು ನಮ್ಮ ತಾರೀಖಿಗೆ ತರುವಾಗ ಎಚ್ಚರ ಬೇಕು. ಆ ವರ್ಷ ವೆಂತೋಸ್ ತಿಂಗಳು ಶುರುವಾದದ್ದು ಫೆಬ್ರವರಿ 19ಕ್ಕೆ. 19ಕ್ಕೆ ಐದು ಕೂಡಿದರೆ 24 ಬಂದುಬಿಡುತ್ತದೆ, ಅದು ತಪ್ಪು. 19ನ್ನೇ ಒಂದೆಂದು ಎಣಿಸಬೇಕು, ಆಗ ಐದನೆಯ ದಿನ 23, ಗುರುವಾರ. ಈ ಒಂದು ದಿನದ ವ್ಯತ್ಯಾಸದಲ್ಲೇ ಕಥೆಯ ಗಂಟಿದೆ. ಸುತ್ತಲಿನ ಎತ್ತರಗಳಲ್ಲಿ ಜನ, ಹೆಂಗಸರೂ ಸೇರಿ, ದೊಡ್ಡ ಸಂಖ್ಯೆಯಲ್ಲಿ ನೆರೆದದ್ದು ಶುಕ್ರವಾರ, ಶರಣಾಗತಿ ನೋಡಲು. ಟೇಟ್ ಕೈಚೆಲ್ಲಿದ್ದು ಅದರ ಹಿಂದಿನ ದಿನ. ಪತ್ರದಲ್ಲಿ ಅವನು ಕೊಡುವ ಕಾರಣವೂ ಕೆಂಪಂಗಿಯ ದಂಡಲ್ಲ: ತನ್ನ ಜನ ಇಲ್ಲಿಗೆ ಬಂದಿಳಿದ ಪರಿಸ್ಥಿತಿಯೇ ಕಾಳಗವನ್ನು ಅನಾವಶ್ಯಕ ಮಾಡಿದೆ, ನಡೆದರೆ ರಕ್ತಪಾತ, ಲೂಟಿ ಮಾತ್ರ ಎನ್ನುತ್ತಾನೆ. ಗುರುವಾರವೂ ಅಲ್ಲೊಂದು ಇಲ್ಲೊಂದು ಕೆಂಪು ಗುಂಪು ಕಂಡು ಫ್ರೆಂಚರು ಇನ್ನಷ್ಟು ಅಂಜಿರಬಹುದು, ಅಷ್ಟಕ್ಕೆ ಎಡೆಯಿದೆ. ಹೆಂಗಸರನ್ನು ನೋಡಿಯೇ ಶರಣಾದರು ಎನ್ನುವುದಕ್ಕೆ ಎಡೆಯಿಲ್ಲ.

ಈಗ ಜೆಮೈಮಾ. ಫಿಶ್‌ಗಾರ್ಡ್‌ನ ಸೇಂಟ್ ಮೇರಿ ಚರ್ಚಿನಲ್ಲಿ ಅವಳ ಹೆಸರಿನ ಕಲ್ಲಿದೆ. 1832ರ ಜುಲೈನಲ್ಲಿ ತೀರಿಕೊಂಡಳು, ಆಗ 82 ವರ್ಷ, ದಾಳಿಯ ಹೊತ್ತಿಗೆ 47 ಎಂದು ಕೆತ್ತಿದೆ. ನೋಡಿದ ಕೂಡಲೇ ನಂಬಿಬಿಡುವಂಥ ಸಾಕ್ಷಿ. ಆದರೆ ಕಲ್ಲಿನ ಬುಡದವರೆಗೂ ಓದಬೇಕು: 1897ರ ಜುಲೈ 6ರಂದು ನಡೆದ ಶತಮಾನೋತ್ಸವದ ಔತಣದಲ್ಲಿ ಎತ್ತಿದ ವಂತಿಗೆಯಿಂದ ನಿಲ್ಲಿಸಿದ್ದು. ಅವಳು ಸತ್ತು 65 ವರ್ಷವಾದ ಮೇಲೆ! ಇತ್ತ ಪಕ್ಕದ ಮಾಥ್ರಿ ಊರಿನ ಚರ್ಚಿನ ಪುಸ್ತಕದಲ್ಲಿ ಅವಳ ದೀಕ್ಷಾಸ್ನಾನ 1755ರ ಮಾರ್ಚ್ 2ರಂದು ದಾಖಲಾಗಿದೆ. ಅದು ಕೂಸಿಗೆ ಆದ ಸ್ನಾನವೆಂದರೆ ದಾಳಿಯ ವೇಳೆಗೆ ಅವಳಿಗೆ 41, ಸತ್ತಾಗ 77. ದೀಕ್ಷಾಸ್ನಾನ ತಡವಾಗಿ ಆಗುವುದೂ ಇತ್ತು, ಹಾಗಾಗಿ ಅದೊಂದರಿಂದಲೇ ಕಲ್ಲು ಸುಳ್ಳಾಗುವುದಿಲ್ಲ. ಆದರೂ ಈ ಐದು ವರ್ಷದ ಅಂತರ ಗೊತ್ತಿದ್ದವರು ಕಲ್ಲಿನ ಲೆಕ್ಕವನ್ನು ಕಣ್ಣುಮುಚ್ಚಿ ನಕಲು ಮಾಡುವುದಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ತೂಕದ ಸಾಕ್ಷಿ ಬೇರೆಯೇ ಇದೆ. ಅವಳ ಮಣ್ಣಾದ ದಾಖಲೆಯ ಪಕ್ಕ ಊರಿನ ಪಾದ್ರಿ ಸ್ಯಾಮ್ಯುಯೆಲ್ ಫೆಂಟನ್ ಬರೆದಿಟ್ಟ ನಾಲ್ಕು ಸಾಲು. ಇವಳನ್ನು ಜೆಮೈಮಾ ವಾವ್ರ್, ಅಂದರೆ ದೊಡ್ಡ ಜೆಮೈಮಾ ಎನ್ನುತ್ತಿದ್ದರು, 1797ರಲ್ಲಿ ಫ್ರೆಂಚರ ಮೇಲೆ ಹೊರಟವಳು, ಜಗಳಕ್ಕೆ ನಿಂತರೆ ಹೆಚ್ಚಿನ ಗಂಡಸರನ್ನು ಕೆಡವುವಷ್ಟು ಬಲವಿದ್ದವಳು, ನನಗೆ ಚೆನ್ನಾಗಿ ನೆನಪಿದೆ, ಬೂಟು ಹೊಲಿಯುವುದು ಇವಳ ಕಸುಬು, ನಾನು ಹುಡುಗನಾಗಿದ್ದಾಗ ನನಗೂ ಹಲವು ಜೊತೆ ಹೊಲಿದುಕೊಟ್ಟಿದ್ದಳು. ಅದರ ಸಾರ ಇಷ್ಟು. ಅವಳನ್ನು ಕಣ್ಣಾರೆ ಕಂಡವನ, ಅವಳು ಹೊಲಿದ ಬೂಟು ಮೆಟ್ಟಿದವನ ಮಾತು ಅದು. ಅವಳಿದ್ದಳೇ, ಹೊರಟಳೇ, ಗಟ್ಟಿಗಿತ್ತಿಯೇ ಎಂಬ ಮೂರಕ್ಕೂ ಹೌದು ಎಂಬ ಉತ್ತರ ಇಲ್ಲಿ ಸಿಗುತ್ತದೆ. ಆದರೆ ಕವೆಗೋಲು ಈ ಸಾಲುಗಳಲ್ಲಿಲ್ಲ, ಹನ್ನೆರಡು ಕೈದಿಗಳೂ ಇಲ್ಲ. ಆ ಲೆಕ್ಕ ಸಿಗುವುದು ದಶಕಗಳ ನಂತರ ಅಚ್ಚಾದ ಬರಹಗಳಲ್ಲಿ. ಕುಡಿದು ದಿಕ್ಕುಗೆಟ್ಟ, ಶರಣಾಗಲು ಕಾದಿದ್ದ ಸೈನಿಕರನ್ನು ಊರವರು ಹಿಡಿದು ತಂದದ್ದು ನಂಬಲಾಗದ ಮಾತೇನಲ್ಲ, ಅವರಲ್ಲಿ ಕೆಲವರನ್ನು ಅವಳೇ ತಂದಿರಲೂಬಹುದು. ಹನ್ನೆರಡು ಎಂಬ ಸಂಖ್ಯೆಯನ್ನು ಬಿಟ್ಟರೆ ಅವಳ ಎತ್ತರವೇನೂ ಕುಗ್ಗುವುದಿಲ್ಲ.

ಬ್ರೆಸ್ಟ್‌ಗಾರ್ನ್ ಎಂಬ ಹೊಲಮನೆಯ ಗಡಿಯಾರದ್ದು ಸಣ್ಣ ಮಾತು. ಒಳಗೆ ಟಿಕ್ ಟಿಕ್ ಸದ್ದು ಕೇಳಿ, ಯಾರೋ ಅಡಗಿದ್ದಾರೆಂದು ಅಮಲಿನ ಸೈನಿಕ ಗುಂಡು ಹಾರಿಸಿದನಂತೆ. ಪೆಟ್ಟಿಗೆಯ ಮೇಲಿನ ತೂತು ಗುಂಡು ತಾಗಿದ್ದನ್ನು ಹೇಳುತ್ತದೆ, ಹಾರಿಸಿದವನ ಮನಸ್ಸಿನಲ್ಲೇನಿತ್ತೆಂದು ಹೇಳುವುದಿಲ್ಲ.

ಬ್ಯಾಂಕಿನ ಮಾತು ದೊಡ್ಡದು. ಫಿಶ್‌ಗಾರ್ಡ್‌ಗೆ ಫ್ರೆಂಚರು ಇಳಿದದ್ದರಿಂದಲೇ ಬ್ಯಾಂಕ್ ಆಫ್ ಇಂಗ್ಲೆಂಡ್ ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿತು ಎನ್ನುತ್ತಾರೆ. ಆಜ್ಞೆ ಹೊರಟದ್ದು ಫೆಬ್ರವರಿ 26ರ ಭಾನುವಾರ, ಜಾರಿಯಾದದ್ದು 27ರಂದು, ಚಿನ್ನ ಕೊಡುವುದು ಪೂರ್ತಿ ಮತ್ತೆ ಶುರುವಾದದ್ದು 1821ರಲ್ಲಿ. ತಾರೀಖು ಹೊಂದುತ್ತದೆ. ಆದರೆ ನ್ಯೂಕ್ಯಾಸಲ್‌ನಲ್ಲಿ ರೈತರು ಬ್ಯಾಂಕುಗಳಿಗೆ ಮುಗಿಬಿದ್ದದ್ದು 18ರಂದು, ಅಲ್ಲಿನ ಬ್ಯಾಂಕುಗಳು ಬಾಗಿಲೆಳೆದದ್ದು 20ರಂದು, ಫ್ರೆಂಚರು ಇಳಿಯುವ ಎರಡು ದಿನ ಮೊದಲೇ. ಯುದ್ಧದ ಖರ್ಚಿಗೆ ಚಿನ್ನದ ದಾಸ್ತಾನು ವರ್ಷಗಳಿಂದ ಕರಗುತ್ತಿತ್ತು. ಕಾರ್ಡಿಗನ್ ಕೊಲ್ಲಿಯ ಸುದ್ದಿ ಒಣಗಿದ ಹುಲ್ಲಿಗೆ ಬಿದ್ದ ಕಿಡಿ, ಹುಲ್ಲು ಒಣಗಿಸಿದ್ದು ಅದಲ್ಲ. ಒಂದು ಮತ್ತು ಎರಡು ಪೌಂಡಿನ ನೋಟುಗಳು ಈ ಬಿಕ್ಕಟ್ಟಿನಲ್ಲೇ ಹುಟ್ಟಿದವು ಎಂಬುದು ಮಾತ್ರ ನಿಜ. ಇಂಥ ಸಣ್ಣ ದಳಗಳು ಹೊಡೆದದ್ದಕ್ಕಿಂತ ಹುಟ್ಟಿಸಿದ ಭಯವೇ ಹೆಚ್ಚು. 1798ರಲ್ಲಿ ಟಿಪ್ಪುವಿನ ನೆರವಿಗೆಂದು ಮಾರಿಷಸ್‌ನಿಂದ ಮಂಗಳೂರಿಗೆ ಬಂದಿಳಿದ ಫ್ರೆಂಚ್ ಕಡೆಯ ಸ್ವಯಂಸೈನಿಕರೂ ಬರೀ ನೂರರಷ್ಟು. ವೆಲ್ಲೆಸ್ಲಿಗೆ ಶ್ರೀರಂಗಪಟ್ಟಣದ ಮೇಲೆ ಏರಿಹೋಗಲು ನೆಪವಾಗಿ ಅಷ್ಟು ಸಾಕಾಯಿತು.

ಊರಿನ ಕಥೆ ಸೇರಿಸಿಕೊಂಡದ್ದನ್ನು ನೋಡಿದ ಹಾಗೆ ಬಿಟ್ಟದ್ದನ್ನೂ ನೋಡಬೇಕು. ಫ್ರೆಂಚರು ಶರಣಾದ ಮೇಲೆ ಅಧಿಕಾರಿಗಳ ಕಣ್ಣು ಬಿದ್ದದ್ದು ಅಲ್ಲಿನ ಬ್ಯಾಪ್ಟಿಸ್ಟರಂಥ ಪಂಗಡಗಳ ಮೇಲೆ, ಅಂದರೆ ಸರ್ಕಾರಿ ಚರ್ಚಿಗೆ ಸೇರದವರ ಮೇಲೆ. ಇವರು ಒಳಗೊಳಗೇ ಕ್ರಾಂತಿಯ ಪರ ಎಂಬ ಗುಮಾನಿ. ಥಾಮಸ್ ಜಾನ್, ಸ್ಯಾಮ್ಯುಯೆಲ್ ಗ್ರಿಫಿತ್ ಎಂಬ ಇಬ್ಬರು ರೈತರು ಶತ್ರುವಿಗೆ ನೆರವಾದರೆಂದು ರಾಜದ್ರೋಹದ ಮೊಕದ್ದಮೆ ಹೂಡಿದರು. ಸಾಬೀತಾಗಿದ್ದರೆ ಗಲ್ಲು. ಸಾಕ್ಷಿ ಹೇಳಬೇಕಿದ್ದವರು ಸೆರೆಸಿಕ್ಕ ಫ್ರೆಂಚ್ ಸೈನಿಕರು. ಸೆಪ್ಟೆಂಬರ್‌ನಲ್ಲಿ ಹ್ಯಾವರ್‌ಫರ್ಡ್‌ವೆಸ್ಟ್‌ನ ನ್ಯಾಯಾಲಯದಲ್ಲಿ ವಿಚಾರಣೆಗೆ ಬಂದಾಗ ಆ ಸಾಕ್ಷಿ ನಿಲ್ಲಲಿಲ್ಲ. ಇಬ್ಬರೂ ಬಿಡುಗಡೆಯಾಗಿ ತಮ್ಮ ಹೊಲಗಳಿಗೆ ಮರಳಿದರು.