ಡಬ್ಬಿಯಲ್ಲಿದ್ದ ಘಮ ಪೈಪಿನಲ್ಲಿ ಯಾಕೆ ಸಿಗುವುದಿಲ್ಲ?

ಸಿರುಗುಪ್ಪದ ಓದುಗರೊಬ್ಬರ ಪ್ರಶ್ನೆ: "ಹೊರದೇಶದಲ್ಲಿರುವ ತಮ್ಮ ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ, ಕ್ರಿಸ್‌ಮಸ್ ಕಾಲಕ್ಕೆಂದೇ ಮಾಡುವ ಪೈಪ್ ತಂಬಾಕಿನ ಡಬ್ಬಿ ತಂದುಕೊಟ್ಟ. ಮುಚ್ಚಳ ತೆಗೆದರೆ ರಮ್, ವೆನಿಲ್ಲಾ, ಕಿತ್ತಳೆ ಸಿಪ್ಪೆ, ದಾಲ್ಚಿನ್ನಿ ಎಲ್ಲಾ ಸೇರಿದ ಘಮ. ಸೇದಿದರೆ ಮಾತ್ರ ಬರೀ ಹೊಗೆ. ಮೊದಲ ವಾರ ಪದೇ ಪದೇ ಆರುತ್ತಿತ್ತು, ಪೈಪಿನೊಳಗೆ ಗೊರಗೊರ ಸದ್ದು. ಈಗ ಎರಡು ತಿಂಗಳಾಯಿತು. ಚೆನ್ನಾಗಿ ಉರಿಯುತ್ತದೆ, ಆದರೆ ನಾಲಿಗೆ ಮಿರ್ಚಿ ಕಚ್ಚಿದ ಹಾಗೆ ಚುರುಗುಟ್ಟುತ್ತದೆ. ತಂಬಾಕು ಕೆಟ್ಟಿದೆಯಾ, ಇಲ್ಲ ನಾನು ಸೇದುವುದೇ ತಪ್ಪಾ?"

ತಂಬಾಕು ಕೆಟ್ಟಿಲ್ಲ. ನೀವು ಹೇಳಿದ ಎರಡು ತೊಂದರೆಗೂ ಬೇರು ಒಂದೇ, ತೇವ. ಮೊದಲು ಅದು ಜಾಸ್ತಿ ಇತ್ತು. ಆಮೇಲೆ ನಮ್ಮ ಬಳ್ಳಾರಿ ಸೀಮೆಯ ಒಣ ಗಾಳಿ ಅದನ್ನು ಹೀರಿಕೊಂಡಿತು. ಘಮದ ವಿಷಯ ಸ್ವಲ್ಪ ಬೇರೆ, ಮೊದಲು ಅದನ್ನೇ ನೋಡೋಣ.

ಇಂಥ ತಂಬಾಕಿಗೆ ಘಮ ಎರಡು ಸಲ ಸೇರುತ್ತದೆ. ಮೊದಲನೆಯದು ಎಲೆಯನ್ನು ನೆನೆಸುವಾಗ. ಸಕ್ಕರೆ ಪಾಕ, ಕಾಕಂಬಿ, ಕೋಕೋ, ಅತಿಮಧುರ ಇಂಥವನ್ನು ಎಲೆಗೆ ಕುಡಿಸುತ್ತಾರೆ. ಇದನ್ನು ಕೇಸಿಂಗ್ ಅನ್ನುತ್ತಾರೆ. ಎಲೆಯ ಒರಟುತನ ತೆಗೆಯುವುದು ಇದರ ಕೆಲಸ. ಎರಡನೆಯದು ಟಾಪಿಂಗ್. ಎಲೆ ಕತ್ತರಿಸಿ, ಒಣಗಿಸಿ, ಎಲ್ಲಾ ಮುಗಿದ ಮೇಲೆ ಕೊನೆಯಲ್ಲಿ ಚಿಮುಕಿಸುವ ಸುಗಂಧ. ನಮ್ಮ ಅಡುಗೆಯ ಮಾತಲ್ಲಿ ಹೇಳುವುದಾದರೆ ಕೇಸಿಂಗ್ ಉಪ್ಪಿನಕಾಯಿಗೆ ಊರಿದ ಉಪ್ಪು, ಟಾಪಿಂಗ್ ಸಾರಿಗೆ ಕೊಟ್ಟ ಒಗ್ಗರಣೆ. ಒಗ್ಗರಣೆ ಚುಂಯ್ ಅಂದಾಗ ಬೀದಿಯವರೆಗೂ ಘಮ ಹೋಗುತ್ತದೆ. ಊಟಕ್ಕೆ ಕೂತಾಗ ಅಷ್ಟು ಇರುತ್ತದಾ? ಇರುವುದಿಲ್ಲ, ಅಲ್ವಾ. ಡಬ್ಬಿ ತೆರೆದಾಗ ನಿಮ್ಮ ಮೂಗಿಗೆ ಬಡಿದದ್ದು ಆ ಒಗ್ಗರಣೆ.

ಪೈಪಿನ ಕೆಂಡದ ಕಾವು ನೂರಾರು ಡಿಗ್ರಿ. ರಮ್‌ನಲ್ಲಿರುವ ಆಲ್ಕೋಹಾಲ್ 78 ಡಿಗ್ರಿಗೇ ಕುದಿದು ಹೋಗುತ್ತದೆ. ಕಿತ್ತಳೆ ಸಿಪ್ಪೆಯ ವಾಸನೆ ಕೊಡುವ ಲಿಮೊನಿನ್ 176 ಡಿಗ್ರಿಗೆ. ವೆನಿಲ್ಲಾದ ವೆನಿಲಿನ್ ಕುದಿಯಲು 285 ಡಿಗ್ರಿ ಬೇಕು. ಅದಕ್ಕೇ ಕಿತ್ತಳೆ ಮೊದಲು ಕಳೆದುಹೋಗುತ್ತದೆ, ಕೊನೆಯವರೆಗೆ ಮೆಲ್ಲಗೆ ಉಳಿಯುವುದು ವೆನಿಲ್ಲಾ. ಜೋರಾಗಿ ಎಳೆದಷ್ಟೂ ಕೆಂಡ ಕಾಯುತ್ತದೆ, ಸುಗಂಧವೆಲ್ಲ ಸುಟ್ಟೇ ಹೋಗುತ್ತದೆ.

ಇನ್ನೊಂದು ಕಾರಣ ನಾಲಿಗೆಯದು. ನಾಲಿಗೆಗೆ ಸಿಹಿ, ಹುಳಿ, ಉಪ್ಪು, ಕಹಿ, ಇಂಥ ನಾಲ್ಕೈದು ರುಚಿ ಮಾತ್ರ ಗೊತ್ತು. ದಾಲ್ಚಿನ್ನಿ, ವೆನಿಲ್ಲಾ ಎಲ್ಲ ಮೂಗಿನ ಪಾಲು. ನೆಗಡಿಯಾದಾಗ ಊಟ ಸಪ್ಪೆ ಅನಿಸುವುದು ಇದಕ್ಕೇ. ಹೊಗೆಯನ್ನು ಬಾಯಲ್ಲೇ ಇಟ್ಟುಕೊಂಡು ಬಾಯಿಂದಲೇ ಬಿಟ್ಟರೆ ಮೂಗಿಗೆ ಏನೂ ತಲುಪುವುದಿಲ್ಲ. ಪೈಪ್ ಸೇದುವವರು ಹೊಗೆಯನ್ನು ಎದೆಗೆ ಎಳೆಯುವುದಿಲ್ಲ. ಬಾಯಲ್ಲಿರುವ ಹೊಗೆಯಲ್ಲಿ ಚೂರೇ ಚೂರನ್ನು ಮೂಗಿನಿಂದ ಹೊರಗೆ ಬಿಡುತ್ತಾರೆ. ಘಮ ಸಿಗುವುದು ಆಗ. ಪಕ್ಕದಲ್ಲಿ ಕೂತವರಿಗೆ ಮಾತ್ರ ಏನೂ ಮಾಡದೆ ಸಿಗುತ್ತದೆ. ಕೆಂಡದ ಕಾವಿಗೆ ಆವಿಯಾದದ್ದು ನೇರ ಅವರ ಮೂಗಿಗೇ ಹೋಗುತ್ತದೆ.

ನನ್ನ ಸೋದರಮಾವ ರೈಲ್ವೆಯಲ್ಲಿದ್ದರು. ಸಂಜೆ ಮನೆಗೆ ಬಂದು ಜಗಲಿ ಮೇಲೆ ಕೂತು ಪೈಪ್ ತುಂಬುವುದನ್ನು ನಾನು ಹುಡುಗನಾಗಿದ್ದಾಗಿಂದ ನೋಡಿದ್ದೇನೆ. ಅಂಗಳದಲ್ಲಿ ಆಡುವ ನಮಗೆಲ್ಲ ಬೆಲ್ಲದ ಆಲೆಮನೆಯ ವಾಸನೆ ಬರುತ್ತಿತ್ತು. ಒಮ್ಮೆ ಕೇಳಿದೆ, "ಮಾವ, ನಿಮಗೂ ಹಿಂಗೇ ಘಮ ಬರತದೇನು?" ಅಂತ. "ನನಗ ಬರೋದು ಕಡಿಮಿ, ನಿನಗ ಜಾಸ್ತಿ" ಅಂದರು. ಆ ಮಾತು ಎಷ್ಟು ನಿಜ ಅಂತ ನಾನೇ ಸೇದಲು ಶುರುಮಾಡಿದ ಮೇಲೆ ಗೊತ್ತಾಯಿತು.

ಈಗ ತೇವದ ವಿಷಯ. ನನ್ನ ಮಟ್ಟಿಗೆ ಇದೇ ಮುಖ್ಯ.

ಹಬ್ಬದ ಮಿಶ್ರಣದಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಎಲೆ ಇರುತ್ತದೆ. ಒಂದು ವರ್ಜೀನಿಯಾ, ನಮ್ಮ ಪಿರಿಯಾಪಟ್ಟಣ, ಹುಣಸೂರು ಕಡೆ ಬೆಳೆಯುವ ಜಾತಿ. ಕೊಳವೆಗಳ ಬಿಸಿಯಲ್ಲಿ ಬೇಗ ಒಣಗಿಸುವುದರಿಂದ ಸಕ್ಕರೆ ಅಂಶ ಎಲೆಯಲ್ಲೇ ಉಳಿಯುತ್ತದೆ. ಎರಡನೆಯದು ಬರ್ಲಿ, ನೆರಳಲ್ಲಿ ಗಾಳಿಗೆ ಒಣಗಿದ್ದು. ಸಕ್ಕರೆ ಇಲ್ಲವೆಂದೇ ಹೇಳಬೇಕು, ಆದರೆ ಸ್ಪಂಜಿನ ಹಾಗೆ ಪಾಕ ಕುಡಿಯುತ್ತದೆ. ಮೂರನೆಯದು ಕಪ್ಪು ಕ್ಯಾವೆಂಡಿಶ್. ಇದು ಗಿಡದ ಜಾತಿಯಲ್ಲ, ಎಲೆಯನ್ನು ಆವಿಯಲ್ಲಿ ಬೇಯಿಸಿ, ಒತ್ತಿ, ಕಪ್ಪಾಗಿಸಿದ್ದು. ಇಷ್ಟರ ಮೇಲೆ ಒಣಗದಿರಲಿ ಅಂತ ಪ್ರೊಪಿಲಿನ್ ಗ್ಲೈಕಾಲ್ ಎಂಬ ದ್ರವ ಹಾಕುತ್ತಾರೆ. ಅದು ನೀರನ್ನು ಹಿಡಿದಿಡುತ್ತದೆ. ಹಾಗಾಗಿ ಹೊಸ ಡಬ್ಬಿಯ ತಂಬಾಕು ಕೈಗೆ ಅಂಟುವಷ್ಟು ಹಸಿ ಇರುತ್ತದೆ. ಅದನ್ನು ಹಾಗೇ ತುಂಬಿ ಹಚ್ಚಿದರೆ ಆರುತ್ತದೆ. ಆರಿತೆಂದು ಜೋರಾಗಿ ಎಳೆದರೆ ಹೊಗೆಯ ಜೊತೆ ಬಿಸಿ ಆವಿಯೂ ಬಂದು ನಾಲಿಗೆ ಬೇಯುತ್ತದೆ. ಆ ಆವಿಯೇ ತಣ್ಣಗಾಗಿ ನೀರಾಗಿ ಪೈಪಿನೊಳಗೆ ಗೊರಗೊರ ಅನ್ನುತ್ತದೆ. ನಿಮ್ಮ ಮೊದಲ ವಾರದ ಕಥೆ ಇದು.

ಹೊಸ ಡಬ್ಬಿಗೆ ನಾನು ಮಾಡುವುದು ಇಷ್ಟೇ. ಒಂದು ಸಲಕ್ಕೆ ಬೇಕಾದಷ್ಟು ತಂಬಾಕನ್ನು ಬಿಳಿ ಕಾಗದದ ಮೇಲೆ ಹರಡುತ್ತೇನೆ. ಆಗಾಗ ಎರಡು ಬೆರಳಲ್ಲಿ ಚಿಟಿಕೆ ಹಿಡಿದು ಒತ್ತಿ ಬಿಡುತ್ತೇನೆ. ಉಂಡೆಯಾಗಿ ಹಾಗೇ ನಿಂತರೆ ಇನ್ನೂ ಹಸಿ. ಬಿಟ್ಟ ಮೇಲೆ ಮೆಲ್ಲಗೆ, ಒಂದೊಂದೇ ಎಳೆಯಾಗಿ ಬಿಚ್ಚಿಕೊಂಡರೆ ಹದ ಬಂತು. ಪುಡಿಯಾಗಿ ಉದುರಿದರೆ ಹದ ಮೀರಿತು. ಬಳ್ಳಾರಿಯಲ್ಲಿ ಡಿಸೆಂಬರ್ ಮಧ್ಯಾಹ್ನ ನನಗೆ ಇಪ್ಪತ್ತು ನಿಮಿಷ ಸಾಕಾಗುತ್ತದೆ. ಬೆಂಗಳೂರಲ್ಲಿ ಮಳೆಗಾಲದಲ್ಲಿ ಒಮ್ಮೆ ಒಂದೂವರೆ ಗಂಟೆ ಕಾದಿದ್ದೇನೆ. ಗಡಿಯಾರ ನೋಡಬೇಡಿ, ಬೆರಳನ್ನು ನಂಬಿ. ರೊಟ್ಟಿ ಹಿಟ್ಟಿನ ಹದ ಅಮ್ಮಂದಿರಿಗೆ ಕೈಯಲ್ಲೇ ಗೊತ್ತಾಗುವ ಹಾಗೆ ಇದೂ ಗೊತ್ತಾಗುತ್ತದೆ.

ಇನ್ನು ನಿಮ್ಮ ಈಗಿನ ತೊಂದರೆ. ಒಣಗಿದ ತಂಬಾಕು ಬೇಗ ಉರಿಯುತ್ತದೆ, ಕಾವು ಏರುತ್ತದೆ, ನಾಲಿಗೆ ಚುರ್ ಅನ್ನುತ್ತದೆ. ಸರಿಮಾಡುವುದು ಸುಲಭ. ಒಡೆದ ಮಣ್ಣಿನ ಮಡಕೆಯ ಚೂರೊಂದನ್ನು, ಎರಡು ರೂಪಾಯಿ ನಾಣ್ಯದಷ್ಟು ಸಾಕು, ತೊಳೆದು, ಕುದಿಸಿದ ನೀರಲ್ಲಿ ಅರ್ಧ ಗಂಟೆ ನೆನೆಸಿ. ಮೇಲಿನ ನೀರನ್ನು ಬಟ್ಟೆಯಿಂದ ಒರೆಸಿ. ತಂಬಾಕನ್ನು ಗಾಜಿನ ಬಾಟಲಿಗೆ ಸಡಿಲವಾಗಿ ಹಾಕಿ, ಮೇಲೆ ಸಣ್ಣ ಕಾಗದ, ಅದರ ಮೇಲೆ ಚೂರು ಇಟ್ಟು ಮುಚ್ಚಿ. ಮರುದಿನ ಬೆರಳಿಗೆ ಹದ ಸಿಕ್ಕರೆ ಚೂರು ತೆಗೆಯಿರಿ, ಇಲ್ಲದಿದ್ದರೆ ಇನ್ನೊಂದು ದಿನ. ಆಲೂಗಡ್ಡೆ, ಸೇಬಿನ ಹೋಳು ಇಡುವವರಿದ್ದಾರೆ. ದಯವಿಟ್ಟು ಇಡಬೇಡಿ, ಬೂಸು ಹಿಡಿಯುತ್ತದೆ. ಬೂಸು ಕಂಡರೆ ಇಡೀ ಡಬ್ಬಿ ಎಸೆಯಿರಿ, ಆರಿಸಿ ಉಳಿಸಬೇಡಿ. ತೇವ ಮರಳಿ ಬರುತ್ತದೆ, ಆದರೆ ಹಾರಿಹೋದ ಕಿತ್ತಳೆ, ರಮ್ ಬರುವುದಿಲ್ಲ. ಅದನ್ನು ಒಪ್ಪಿಕೊಳ್ಳಬೇಕು.

ಸೇದುವ ರೀತಿಯ ಬಗ್ಗೆ ಎರಡು ಮಾತು. ಪೈಪ್ ತುಂಬುವಾಗ ಮೊದಲ ಚಿಟಿಕೆ ಹಾಗೇ ಬೀಳಲಿ, ಎರಡನೆಯದನ್ನು ಮೆಲ್ಲಗೆ ಒತ್ತಿ, ಮೂರನೆಯದನ್ನು ಸ್ವಲ್ಪ ಗಟ್ಟಿಯಾಗಿ. ಒಂದು ಕಡ್ಡಿ ಗೀರಿ ಮೇಲ್ಭಾಗ ಪೂರ್ತಿ ಕಪ್ಪಾಗುವ ಹಾಗೆ ಹಚ್ಚಿ. ತಂಬಾಕು ಉಬ್ಬಿ ಏಳುತ್ತದೆ, ಅದನ್ನು ಸಮ ಮಾಡಿ ಎರಡನೇ ಕಡ್ಡಿ ಗೀರಿ. ಆಮೇಲೆ ಬಿಸಿ ಚಹಾ ಗುಟುಕರಿಸುವ ಹಾಗೆ ಸಣ್ಣಗೆ ಎಳೆಯಿರಿ. ಪೈಪಿನ ಬಟ್ಟಲು ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾದರೆ ಕೆಳಗಿಡಿ, ಆರಲಿ ಬಿಡಿ. ಆರುವುದು ತಪ್ಪಲ್ಲ. ಘಮದ ತಂಬಾಕಿಗೆ ಒಂದು ಪೈಪನ್ನೇ ಮೀಸಲಿಟ್ಟರೆ ಒಳ್ಳೆಯದು. ಪೈಪ್ ಮಾಡುವ ಬ್ರಯರ್ ಮರಕ್ಕೆ ವಾಸನೆ ಹತ್ತಿದರೆ ಬೇಗ ಬಿಡುವುದಿಲ್ಲ.

ಒಂದು ವಿಷಯ ಮುಚ್ಚಿಡಲಾರೆ. ಘಮ ಎಷ್ಟೇ ಇದ್ದರೂ ಇದು ಹೊಗೆಸೊಪ್ಪೇ. ಎದೆಗೆ ಎಳೆಯದಿದ್ದರೂ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶದ ಕ್ಯಾನ್ಸರಿಗೆ ಪೈಪ್ ಕೂಡ ಕಾರಣವಾಗುತ್ತದೆ. ಮಾವನ ಕೆನ್ನೆಯ ಒಳಗೆ ಬಿಳಿ ಮಚ್ಚೆ ಕಾಣಿಸಿತು. ವೈದ್ಯರು ನೋಡಿ, ಇದು ಮುಂದೆ ಕ್ಯಾನ್ಸರ್ ಆಗಬಹುದು ಅಂದರು. ಅವರು ಅಂದೇ ಪೈಪ್ ಬಿಟ್ಟರು. ನಾನು ಈಗ ಚಳಿಗಾಲದಲ್ಲಿ ವಾರಕ್ಕೊಮ್ಮೆ ಮಾತ್ರ ಸೇದುತ್ತೇನೆ, ಅದೂ ಮಾಳಿಗೆಯ ಮೇಲೆ ಒಬ್ಬನೇ. ಅಂಗಳದ ಮಕ್ಕಳಿಗೆ ಆಲೆಮನೆಯ ಘಮ ಅನಿಸಿದ್ದು ಹೊಗೆಯೇ ಆಗಿತ್ತು ಅನ್ನುವುದು ನನ್ನ ಮನಸ್ಸಿನಿಂದ ಹೋಗಿಲ್ಲ. ವಾರಕ್ಕೊಮ್ಮೆ ಅಂದರೆ ಅಪಾಯ ಇಲ್ಲ ಅಂತಲ್ಲ. ಇದುವರೆಗೆ ತಂಬಾಕು ಮುಟ್ಟದವರು ಇದನ್ನು ಓದಿ ಶುರುಮಾಡಬೇಡಿ. ಬಿಡಬೇಕು ಅನ್ನುವವರಿಗೆ 1800-11-2356 ಉಚಿತ ಸಹಾಯವಾಣಿ ಇದೆ.

ನಮ್ಮ ಸೀಮೆಗೆ ಈ ಎಲೆಯ ಜೊತೆ ಹಳೆಯ ನಂಟಿದೆ. ಅಕ್ಬರನ ಆಸ್ಥಾನದ ಅಸದ್ ಬೇಗ್ 1604ರ ಸುಮಾರಿಗೆ ತಂಬಾಕು ಮತ್ತು ಅದನ್ನು ಸೇದುವ ಸಾಧನವನ್ನು ಮೊದಲ ಬಾರಿ ಬಾದಶಹನ ಮುಂದಿಟ್ಟ. ಅವನು ಅದನ್ನು ಕೊಂಡದ್ದು ಬಿಜಾಪುರದಲ್ಲಿ.  ಉತ್ತರಕ್ಕೆ ಹೋದ ಚಟ ದಕ್ಷಿಣದಿಂದಲೇ ಹೋಯಿತು ಅಂತ ನೆನೆದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ.

ನಿಮ್ಮ ಡಬ್ಬಿಗೆ ಬರೋಣ. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತದೆ, ಆಮೇಲೆ ಬಳ್ಳಾರಿ ಬಿಸಿಲು 40 ಡಿಗ್ರಿ ದಾಟುತ್ತದೆ. ನಾನು ಒಂದು ವರ್ಷ ಅರ್ಧ ಡಬ್ಬಿಯನ್ನು ಹಾಗೇ ಬೀರುವಿನ ಮೇಲೆ ಬಿಟ್ಟಿದ್ದೆ. ಮೇ ತಿಂಗಳಲ್ಲಿ ತೆಗೆದರೆ ಒಣ ಹುಲ್ಲಿನ ಪುಡಿ, ಘಮವೇ ಇಲ್ಲ. ಬರೀ ವರ್ಜೀನಿಯಾ ಎಲೆಯಾದರೆ ಮುಚ್ಚಿಟ್ಟಷ್ಟು ವರ್ಷ ಮಾಗುತ್ತದೆ. ಟಾಪಿಂಗ್ ಹಾಕಿದ ಹಬ್ಬದ ಮಿಶ್ರಣ ಹಾಗಲ್ಲ, ತೆರೆದ ಮೇಲೆ ಕಳೆದುಕೊಳ್ಳುತ್ತಲೇ ಹೋಗುತ್ತದೆ. ತಗಡಿನ ಡಬ್ಬಿಯ ಮುಚ್ಚಳ ಒಮ್ಮೆ ತೆಗೆದರೆ ಮತ್ತೆ ಬಿಗಿಯಾಗುವುದಿಲ್ಲ. ಹದ ಬಂದ ತಂಬಾಕನ್ನು ಮುಚ್ಚಳಕ್ಕೆ ರಬ್ಬರ್ ಸುತ್ತಿರುವ ಗಾಜಿನ ಬಾಟಲಿಗೆ ತುಂಬಿ. ಬಾಟಲಿ ಚಿಕ್ಕದಿರಲಿ, ಒಳಗೆ ಗಾಳಿಗೆ ಜಾಗ ಕಡಿಮೆ ಇರಲಿ. ಬೆಳಕು ಬೀಳದ, ಮಕ್ಕಳ ಕೈಗೆ ಸಿಗದ ಕಪಾಟಿನಲ್ಲಿ, ಹೊರಗೋಡೆಗೆ ತಾಗದ ಹಾಗೆ ಇಡಿ. ಸಾಂಬಾರ್ ಪುಡಿ ಇರುವ ಕಪಾಟು ಬೇಡ, ಎರಡೂ ಒಂದರ ವಾಸನೆ ಒಂದು ಹಿಡಿಯುತ್ತವೆ. ಮಡಕೆ ಚೂರನ್ನು ಇಂದು ರಾತ್ರಿಯೇ ನೆನೆಹಾಕಿ.